ಹೊಸ ಬಾಸ್ ಎದುರಾದರೆ ಮೊದಲ ಮೂರು ಸಲ ಹೊಡೆಯಬೇಡಿ

ಹುಬ್ಬಳ್ಳಿ-ಧಾರವಾಡದ ನಮ್ಮ ಬಳಗದಲ್ಲಿ ಕಠಿಣ ವಿಡಿಯೊ ಗೇಮ್‌ಗಳನ್ನು ಆಡುವವರಿಗೆ ಒಂದು ಸಲಹೆ: ಹೊಸ ಬಾಸ್, ಅಂದರೆ ಗೇಮ್‌ನ ಬಲಿಷ್ಠ ಎದುರಾಳಿ, ಎದುರಾದಾಗ ಮೊದಲ ಮೂರು ಪ್ರಯತ್ನಗಳಲ್ಲಿ ದಾಳಿಯ ಬಟನ್ ಒತ್ತಲೇಬೇಡಿ; ತಪ್ಪಿಸಿಕೊಳ್ಳುತ್ತ, ಪ್ರತಿ ಪೆಟ್ಟಿಗೂ ಮುನ್ನ ಅದು ಮಾಡುವ ಸನ್ನೆಯನ್ನಷ್ಟೇ ಗಮನಿಸಿ. ಇಂಥ ಗೇಮ್‌ಗಳು ಬರಹದಲ್ಲಿ ಏನನ್ನೂ ಹೇಳಿಕೊಡದಿದ್ದರೂ ಪಾಠವನ್ನು ಎದುರಾಳಿಯ ಮೈಯಲ್ಲೇ ಇಟ್ಟಿರುತ್ತವೆ. 1985ರ ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಹಂತದಲ್ಲಿ ಎದುರಿನಿಂದ ನಡೆದು ಬರುವ ಗೂಂಬಾ ಎಂಬ ಒಂದೇ ಒಂದು ಪುಟ್ಟ ಶತ್ರು ನಮಗೆ ಜಿಗಿಯುವುದನ್ನು ಕಲಿಸಿದಂತೆ, 2017ರ ಹಾಲೊ ನೈಟ್‌ನಲ್ಲಿ ಫಾಲ್ಸ್ ನೈಟ್ ಎಂಬ ಬಾಸ್ ತನ್ನ ಗದೆಯನ್ನು ಮೇಲೆತ್ತಿದ ಬಳಿಕವೇ ನೆಲಕ್ಕೆ ಅಪ್ಪಳಿಸುವುದರಿಂದ, ಆ ಎತ್ತುವಿಕೆಯೇ ನಮಗೆ ಸರಿದುಕೊಳ್ಳಲು ಸಿಗುವ ಸಮಯ. ಗರಡಿಯಲ್ಲಿ ಎದುರಾಳಿಯ ಹೆಜ್ಜೆ ನೋಡಿಕೊಂಡು ಪಟ್ಟು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಡೆಯುವ ಆತುರವಿದ್ದಾಗ ಕಣ್ಣು ನಮ್ಮ ಪಾತ್ರದ ಮೇಲೆಯೇ ಇರುತ್ತದೆ, ಸನ್ನೆ ಕಾಣುವುದಿಲ್ಲ. ಆದರೆ ಕಪ್‌ಹೆಡ್‌ನಂತಹ ಗೇಮ್‌ಗಳಲ್ಲಿ ಸಾಕಷ್ಟು ಪೆಟ್ಟು ಬಿದ್ದ ಮೇಲಷ್ಟೇ ಬಾಸ್ ಮುಂದಿನ ರೂಪ ತಾಳುವುದರಿಂದ, ಈ ಉಪಾಯ ಮೊದಲ ರೂಪಕ್ಕೆ ಮಾತ್ರ ಸಾಲುತ್ತದೆ. ಆನ್‌ಲೈನ್‌ನಲ್ಲಿ ಎದುರಿಗಿರುವುದು ಮನುಷ್ಯನಾದರಂತೂ ಇದು ನಡೆಯುವುದೇ ಇಲ್ಲ. ಇನ್ನೊಂದು ಎಚ್ಚರಿಕೆಯೆಂದರೆ, ಹಾಲೊ ನೈಟ್‌ನಲ್ಲಿ ಸತ್ತಾಗ ಕಳೆದ ಜಿಯೊವನ್ನು (ಆ ಗೇಮ್‌ನೊಳಗಿನ ಹಣ) ಮರಳಿ ಪಡೆಯುವ ಮೊದಲೇ ಮತ್ತೆ ಸತ್ತರೆ ಅದು ಪೂರ್ತಿ ಹೋಗುತ್ತದೆ. ಆದ್ದರಿಂದ ಈ ಅಭ್ಯಾಸಕ್ಕೆ ಇಳಿಯುವ ಮುನ್ನ ಕೈಯಲ್ಲಿರುವುದನ್ನು ಅಂಗಡಿಯಲ್ಲಿ ಖರ್ಚು ಮಾಡಿಬಿಡಿ.