ಮಕ್ಕಳ ಸಂತೆಯನ್ನು ಮಕ್ಕಳಿಗೇ ಬಿಟ್ಟುಕೊಟ್ಟ ವರ್ಷ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಏಳನೇ ತರಗತಿಗೆ ಗಣಿತ ಕಲಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ 10 ಜೀವನ ಕೌಶಲಗಳನ್ನು, ಅಂದರೆ ನಿರ್ಧಾರ ಕೈಗೊಳ್ಳುವುದು, ಸಮಸ್ಯೆ ಬಿಡಿಸುವುದು, ಪರಿಣಾಮಕಾರಿ ಸಂವಹನ ಮೊದಲಾದವನ್ನು, ಚಾರ್ಟಿನಲ್ಲಿ ಬರೆದು ಓದಿಸಿದ್ದೆ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸಿದರು, ಅಷ್ಟೇ.

ಮಕ್ಕಳೇ ಸೊಪ್ಪು, ತರಕಾರಿ ಮಾರುವ ನಮ್ಮ ಶಾಲೆಯ ಮಕ್ಕಳ ಸಂತೆಯೂ ಮೊದಲ ವರ್ಷ ಹಾಗೆಯೇ ಮುಗಿಯಿತು. ಸೊಪ್ಪಿನ ಕಟ್ಟಿನ ಬೆಲೆಯನ್ನು ಶಿಕ್ಷಕರಾದ ನಾವು ಗೊತ್ತುಮಾಡಿದ್ದೆವು; ಚಿಲ್ಲರೆಯನ್ನು ಮಕ್ಕಳ ಬೆನ್ನಹಿಂದೆ ನಿಂತ ಪೋಷಕರು ಎಣಿಸಿಕೊಟ್ಟರು. ಮರುವರ್ಷ ಸರಕು, ಬೆಲೆ, ಲೆಕ್ಕ ಎಲ್ಲವನ್ನೂ ಮಕ್ಕಳಿಗೇ ಬಿಟ್ಟು, ಕೇಳದೆ ಬಾಯಿ ಹಾಕಬಾರದೆಂದು ಸಹೋದ್ಯೋಗಿಗಳೆಲ್ಲ ಒಪ್ಪಿಕೊಂಡೆವು.

ಐದು ಮಕ್ಕಳ ಒಂದು ಗುಂಪು 15 ಕಿಲೋದ ಟೊಮೆಟೊ ಬಾಕ್ಸನ್ನು 150 ರೂಪಾಯಿಗೆ ತಂದು, ಕಿಲೋಗೆ 15 ರೂಪಾಯಿ ಎಂದು ಬರೆದಿಟ್ಟಿತು. ಪಕ್ಕದ ಅಂಗಡಿಯವರು 12ಕ್ಕೆ ಮಾರತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಮಾರಾಟವಾಗಿದ್ದು 6 ಕಿಲೋ ಮಾತ್ರ. ಬಿಸಿಲಿಗೆ ಹಣ್ಣು ಮೆತ್ತಗಾಗುತ್ತಿತ್ತು. ಬೆಲೆ ಇಳಿಸೋಣವೆಂದು ಒಬ್ಬ, ಬೇಡವೆಂದು ಇನ್ನೊಬ್ಬ ಜಗಳಕ್ಕೇ ನಿಂತರು. ಮಧ್ಯೆ ಹೋಗಿ ಬಿಡಿಸಬೇಕೆಂಬ ಆಸೆಯನ್ನು ತಡೆದುಕೊಂಡು ನಿಲ್ಲುವುದೇ ಆ ದಿನ ನನ್ನ ಪಾಲಿನ ಅತಿ ಕಷ್ಟದ ಕೆಲಸವಾಗಿತ್ತು. ಲೆಕ್ಕ ಬರೆಯುತ್ತಿದ್ದ ಹುಡುಗಿ ಮಾತಾಡದೆ ಗೋಣಿಚೀಲ ಹಾಸಿ, ಒಂದೊಂದೇ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾ, ಗಟ್ಟಿ ಇದ್ದ 6 ಕಿಲೋವನ್ನು ಒಂದು ಕಡೆ, ಮೆತ್ತಗಿನ 3 ಕಿಲೋವನ್ನು ಇನ್ನೊಂದು ಕಡೆ ಮಾಡಿದಳು. ಗಟ್ಟಿಯದಕ್ಕೆ 10, ಸಾರಿಗಾಗುವ ಮೆತ್ತಗಿನದಕ್ಕೆ 5 ಎಂದು ಹೊಸ ಬೆಲೆ ಬರೆದರು.

ಆಮೇಲೆ ಮಾರಿದವನು ತರಗತಿಯಲ್ಲಿ ಬಾಯಿ ಬಿಡದ ಹುಡುಗ. ನಮ್ಮ ಗಡಿಭಾಗದ ಅನೇಕರಂತೆ ಅವನ ಮನೆಮಾತು ತೆಲುಗು. "ಅವ್ವಾ, ರಾಂಡಿ" ಎಂದು ಅಜ್ಜಿಯರನ್ನು ಕರೆದು ಕೂರಿಸಿ, ಅವರೆದುರೇ ತಕ್ಕಡಿ ಎತ್ತಿ ತೂಗಿ, ಹಣ್ಣೆಲ್ಲವನ್ನೂ ಮುಗಿಸಿದ. ಅವನನ್ನು ಸಂಕೋಚದ ಮಗುವೆಂದು ಪ್ರಗತಿ ಪತ್ರದಲ್ಲಿ ಬರೆದಿದ್ದವನು ನಾನೇ. ಅದು ತಪ್ಪು ತೀರ್ಮಾನವಾಗಿತ್ತು.

ಬಂದದ್ದು 165 ರೂಪಾಯಿ. ತಲಾ 3 ರೂಪಾಯಿ ಲಾಭವೆಂದು ಹಂಚಿಕೊಂಡರು. ಮರುದಿನ ಪ್ರತಿ ಗುಂಪೂ ತನ್ನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ, ಬಾಕ್ಸ್ ತಂದ ಆಟೋದ 20 ರೂಪಾಯಿ ಎಲ್ಲಿ ಎಂದು ಬೇರೆ ಗುಂಪಿನ ಹುಡುಗಿಯೊಬ್ಬಳು ಕೇಳಿದಳು. ಲಾಭ ಅಳಿಸಿಹೋಗಿ 5 ರೂಪಾಯಿ ನಷ್ಟ ಉಳಿಯಿತು.

ಗುಂಪಿನಲ್ಲಿದ್ದ ರೈತರ ಮಗನೊಬ್ಬ ಅದರ ಮಾರನೆಯ ದಿನ ತನ್ನ ತಂದೆ ಬೆಳೆ ಮಾರಿ ಸಗಟು ಮಂಡಿಯಿಂದ ತಂದಿದ್ದ ಲೆಕ್ಕದ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, "ಸರ್, ಔಷಧಿದು, ಕೊಯ್ಲು ಕೂಲಿದು ಇದರಲ್ಲಿ ಎಲ್ಲಿ ಬರೀಬೇಕು?" ಎಂದು ಕೇಳಿದ. ಆ ಅವಧಿಯ ಪಾಠವನ್ನು ಬದಿಗಿಟ್ಟು, ಎಲ್ಲರೂ ಸೇರಿ ಆ ಲೆಕ್ಕಕ್ಕೇ ಕುಳಿತೆವು.