ಪ್ರಶ್ನಾವಳಿ ಕಳಿಸುವ ಮೊದಲು ಸೈಟಿಗೊಂದು ಸುತ್ತು ಹಾಕಿ

ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟಿನಲ್ಲಿ ಎಂ.ಟೆಕ್ ಓದುವವರ ಪ್ರಾಜೆಕ್ಟ್ ಹೆಚ್ಚಾಗಿ ಹೀಗೆ ಶುರುವಾಗುತ್ತದೆ. ಗೈಡ್ 'ಟಾಪಿಕ್ ಏನಪ್ಪಾ?' ಎನ್ನುತ್ತಾರೆ. 'ಕಟ್ಟಡದ ಕೆಲಸ ತಡವಾಗಲು ಕಾರಣಗಳು, ಸರ್' ಎನ್ನುತ್ತೀರಿ. ಹಳೆಯ ಪ್ರಬಂಧದಿಂದ ನಲವತ್ತು ಕಾರಣ ಎತ್ತಿ, ಗೂಗಲ್ ಫಾರಂಗೆ ತುಂಬಿ, ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಬಿಡುತ್ತೀರಿ. ನಾನೂ ಅದನ್ನೇ ಮಾಡಿದ್ದೆ. ಪ್ರತಿ ಕಾರಣಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಿ ಎಂದರೆ, ಕೆಲವರು ಮೇಲಿಂದ ಕೆಳಗಿನವರೆಗೂ ಸುಮ್ನೆ 4 ಒತ್ತಿ ಕಳಿಸಿದ್ದರು. ಪ್ರಶ್ನೆ ಓದಿದ್ದರೋ ಇಲ್ಲವೋ!

ಇಲ್ಲಿ ತಪ್ಪಿದ್ದು ವಿಧಾನ ಮೊದಲು ಬಂದು, ಪ್ರಶ್ನೆ ಆಮೇಲೆ ಬಂದದ್ದು. ಅದನ್ನು ತಿರುಗಿಸುವುದು ಹೇಗೆ ಎಂದು ನೋಡೋಣ.

ಮೊದಲು: ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

'ವಿಳಂಬದ ಅಧ್ಯಯನ' ಪ್ರಶ್ನೆಯಲ್ಲ. 'ಮೂರನೇ ಮಹಡಿಯ ಪ್ಲಾಸ್ಟರಿಂಗ್ ಗ್ಯಾಂಗ್ ದಿನದಲ್ಲಿ ಎಷ್ಟು ಹೊತ್ತು ಕಾಯುತ್ತಾ ಕೂರುತ್ತದೆ?' ಇದು ಪ್ರಶ್ನೆ. ಈಗ ಅದರಲ್ಲಿರುವ ಪದ ನೋಡಿ. 'ಎಷ್ಟು' ಇದ್ದರೆ ಅಳೆಯಬೇಕು, ಇಲ್ಲವೇ ದಾಖಲೆ ತೆಗೆಯಬೇಕು. 'ಯಾಕೆ, ಹೇಗೆ' ಇದ್ದರೆ ಒಂದೆರಡು ಸೈಟುಗಳಲ್ಲೇ ಆಳಕ್ಕಿಳಿದು ಮಾತಾಡಿಸಬೇಕು. 'ಜನರಿಗೆ ಏನನ್ನಿಸುತ್ತದೆ' ಎಂದಿದ್ದರೆ ಮಾತ್ರ ಪ್ರಶ್ನಾವಳಿ. 'ಹೀಗೆ ಬದಲಾಯಿಸಿದರೆ ಏನಾಗುತ್ತದೆ' ಎಂದಿದ್ದರೆ ಬದಲಾಯಿಸಿಯೇ ನೋಡಬೇಕು.

ಆಮೇಲೆ: ಉತ್ತರ ಈಗಾಗಲೇ ಎಲ್ಲಾದರೂ ಬರೆದಿದೆಯೇ ಹುಡುಕಿ

ಸಿಪಿಡಬ್ಲ್ಯುಡಿ, ಅಂದರೆ ಕೇಂದ್ರ ಲೋಕೋಪಯೋಗಿ ಇಲಾಖೆಯಂಥ ಸರ್ಕಾರಿ ಕಾಮಗಾರಿಗಳಲ್ಲಿ ಹಿಂಡ್ರನ್ಸ್ ರಿಜಿಸ್ಟರ್ (ಅಡಚಣೆಗಳ ದಾಖಲೆ ಪುಸ್ತಕ) ಇರುತ್ತದೆ. ಕೆಲಸ ಯಾವ ದಿನ ನಿಂತಿತು, ಯಾಕೆ ನಿಂತಿತು, ಯಾವತ್ತು ಮತ್ತೆ ಶುರುವಾಯಿತು, ಎಲ್ಲ ಅದರಲ್ಲಿದೆ. ಆದರೆ ಗಡುವು ವಿಸ್ತರಣೆ ಕೇಳುವಾಗ ಕಂಟ್ರಾಕ್ಟರ್ ತೋರಿಸುವುದೂ ಇದನ್ನೇ. ಹಾಗಾಗಿ ಒಂದು ಕಣ್ಣು ಎಚ್ಚರವಾಗಿರಲಿ. ಖಾಸಗಿ ಅಪಾರ್ಟ್‌ಮೆಂಟುಗಳ ವಿಷಯವಾದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣಕ್ಕೆ ಹೋಗಿ. 2016ರ ಕಾಯ್ದೆಯ ಪ್ರಕಾರ ಬಿಲ್ಡರುಗಳು ಮೂರು ತಿಂಗಳಿಗೊಮ್ಮೆ ಯೋಜನೆಯ ಪ್ರಗತಿ ತಿಳಿಸಲೇಬೇಕು. ₹150 ಕೋಟಿ ಮತ್ತು ಅದಕ್ಕಿಂತ ದೊಡ್ಡ ಕೇಂದ್ರ ಸರ್ಕಾರದ ಯೋಜನೆಗಳ ವೆಚ್ಚ ಮತ್ತು ವಿಳಂಬದ ಲೆಕ್ಕವನ್ನು ಕೇಂದ್ರದ ಅಂಕಿಅಂಶ ಸಚಿವಾಲಯ ಪ್ರಕಟಿಸುತ್ತದೆ.

ಇಂಥ ಲೆಕ್ಕಗಳಿಂದ ಏನು ಮಾಡಬಹುದು ಎಂಬುದಕ್ಕೆ ಡೆನ್ಮಾರ್ಕಿನ ಬೆಂಟ್ ಫ್ಲಿವ್‌ಬರ್ಗ್ ಮತ್ತು ಸಂಗಡಿಗರ 2002ರ ಪ್ರಬಂಧ ನೋಡಿ. 20 ದೇಶಗಳ 258 ಸಾರಿಗೆ ಯೋಜನೆಗಳ ಅಂದಾಜು ವೆಚ್ಚವನ್ನೂ ಕೊನೆಗೆ ಆದ ಖರ್ಚನ್ನೂ ಹೋಲಿಸಿದರು. ಹತ್ತರಲ್ಲಿ ಒಂಬತ್ತು ಅಂದಾಜು ಮೀರಿದ್ದವು. ರೈಲು ಯೋಜನೆಗಳಲ್ಲಿ ಏರಿಕೆ ಸರಾಸರಿ ಶೇ 45.

ಸೈಟಿನಲ್ಲಿ ನಿಂತು ಎಣಿಸುವುದು

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಒಳ್ಳೆಯ ವಿಧಾನ. ಬಿಸಿಲಿಗೆ ಹೆದರಿ ಯಾರೂ ಮಾಡುವುದಿಲ್ಲ ಅಷ್ಟೇ. ಇದರ ಹೆಸರು ವರ್ಕ್ ಸ್ಯಾಂಪ್ಲಿಂಗ್. ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ಎಲ್.ಎಚ್.ಸಿ. ಟಿಪೆಟ್ ಶುರು ಮಾಡಿದ್ದು. ದಿನವಿಡೀ ಒಬ್ಬರನ್ನೇ ನೋಡುತ್ತಾ ನಿಲ್ಲಬೇಕಿಲ್ಲ. ಚೀಟಿ ಎತ್ತಿದ ಹಾಗೆ ಆಯ್ದ ಹೊತ್ತುಗಳಲ್ಲಿ ಒಂದು ಸುತ್ತು ಹೋಗಿ. ಕಣ್ಣಿಗೆ ಬಿದ್ದ ಕ್ಷಣದಲ್ಲಿ ಪ್ರತಿಯೊಬ್ಬರೂ ಏನು ಮಾಡುತ್ತಿದ್ದರು ಎಂದು ಗುರುತು ಹಾಕಿ. ಗೋಡೆಗೆ ಗಾರೆ ಬಳಿಯುತ್ತಿದ್ದರೆ ನೇರ ಕೆಲಸ. ಸಾರ್ವೆ ಸರಿಸುವುದು, ಗಾರೆ ಕಲಸುವುದು, ಮಟ್ಟ ನೋಡುವುದು ಪೂರಕ ಕೆಲಸ. ಮರಳಿಗೆ ಕಾಯುತ್ತಾ ಕೂತಿದ್ದರೆ ಕಾಯುವಿಕೆ.

ಎಷ್ಟು ಸಲ ನೋಡಬೇಕು? ಶೇ 95 ಭರವಸೆ ಬೇಕು, ಉತ್ತರ ಐದು ಪಾಯಿಂಟ್ ಆಚೀಚೆ ಇದ್ದರೆ ಸಾಕು ಎಂದರೆ ಸುಮಾರು 384 ನೋಟ. ಎಂಟು ಜನರ ಗ್ಯಾಂಗಾದರೆ 48 ಸುತ್ತು. ದಿನಕ್ಕೆ ಎಂಟು ಸುತ್ತು ಹೋದರೆ ಆರು ದಿನ. ಒಂದು ಎಚ್ಚರಿಕೆ: ಮರಳು ಖಾಲಿಯಾದರೆ ಎಂಟೂ ಜನ ಒಟ್ಟಿಗೇ ಕೂರುತ್ತಾರೆ. ಆಗ ಆ ಎಂಟು ನೋಟ ನಿಜಕ್ಕೂ ಎಂಟಲ್ಲ. ಅದಕ್ಕೇ ಇನ್ನಷ್ಟು ದಿನ ಜಾಸ್ತಿ ಇಟ್ಟುಕೊಳ್ಳಿ. ನೋಟ್‌ಬುಕ್ ಹಿಡಿದವರನ್ನು ಕಂಡರೆ ಮೊದಲ ದಿನ ಎಲ್ಲರ ಕೈಯೂ ಚುರುಕಾಗುತ್ತದೆ. ಆ ದಿನದ ಲೆಕ್ಕ ಬಿಡಿ.

ಪ್ರಶ್ನಾವಳಿಯೇ ಬೇಕೆಂದರೆ

ಗಣಿತ ತಿಳಿದುಕೊಂಡು ಮಾಡಿ. ನಮ್ಮಲ್ಲಿ ಎಲ್ಲರೂ ಬಳಸುವುದು ಆರ್‌ಐಐ, ಅಂದರೆ ಸಾಪೇಕ್ಷ ಮಹತ್ವ ಸೂಚ್ಯಂಕ. ಒಂದು ಕಾರಣಕ್ಕೆ ಎಲ್ಲರೂ ಕೊಟ್ಟ ಅಂಕ ಕೂಡಿಸಿ, ಗರಿಷ್ಠ ಅಂಕ ಮತ್ತು ಜನರ ಸಂಖ್ಯೆಯ ಗುಣಲಬ್ಧದಿಂದ ಭಾಗಿಸುವುದು. ಐದು ಅಂಕದ ಮಾಪನದಲ್ಲಿ 40 ಜನರಿಂದ ಒಟ್ಟು 164 ಬಂದರೆ 164 ಭಾಗಿಸು 200, ಅಂದರೆ 0.82. ಇದು ಸರಾಸರಿಯನ್ನು ಐದರಿಂದ ಭಾಗಿಸಿದ್ದು, ಅಷ್ಟೇ! ಇನ್ನೊಂದು ಕಾರಣಕ್ಕೆ 160 ಬಂದರೆ 0.80. ನಾಲ್ಕು ಜನ ಒಂದೊಂದು ಅಂಕ ಆಚೀಚೆ ಮಾಡಿದ್ದರೆ ಇವೆರಡೂ ಸಮವಾಗುತ್ತಿದ್ದವು. ಇಷ್ಟಕ್ಕೆ 'ಮೊದಲ ಕಾರಣ, ಎರಡನೇ ಕಾರಣ' ಎಂದು ಪುಟಗಟ್ಟಲೆ ಬರೆಯುವುದು ನ್ಯಾಯವೇ?

ಕಂಟ್ರಾಕ್ಟರು, ಮಾಲೀಕರು, ಕನ್ಸಲ್ಟೆಂಟುಗಳ ಉತ್ತರ ಒಂದೇ ಪಾತ್ರೆಗೆ ಸುರಿಯಬೇಡಿ. ಒಬ್ಬರು 'ಬಿಲ್ ಪಾಸಾಗಲಿಲ್ಲ' ಎಂದರೆ ಇನ್ನೊಬ್ಬರು 'ಲೇಬರ್ ಕೊಡಲಿಲ್ಲ' ಎನ್ನುತ್ತಾರೆ. ಆ ಜಗಳದಲ್ಲೇ ವಿಷಯ ಇರುವುದು, ಅಲ್ವಾ? ಇನ್ನು ಕ್ರಾನ್‌ಬಾಕ್ ಆಲ್ಫಾ 0.7 ದಾಟಿತೆಂದು ಬೀಗಬೇಡಿ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ ಅದು ಹೇಳುತ್ತದೆ. ಉತ್ತರ ನಿಜವೆಂದಲ್ಲ.

ಮಾತಾಡಿಸುವಾಗ

'ವಿಳಂಬಕ್ಕೆ ಕಾರಣಗಳೇನು?' ಎಂದರೆ ಮೇಸ್ತ್ರಿ 'ಲೇಬರ್ ಪ್ರಾಬ್ಲಂ ಸಾರ್' ಎಂದು ಮುಗಿಸುತ್ತಾರೆ. 'ಮೇಸ್ತ್ರಿ, ಹೋದ ಸೋಮವಾರ ಮೋಲ್ಡ್ ಹಾಕಬೇಕಿತ್ತಲ್ಲ, ಯಾಕೆ ಮುಂದಕ್ಕೆ ಹೋಯ್ತು?' ಎಂದು ಕೇಳಿ. ಬಾರ್ ಬೆಂಡರ್ ಬಾರದ್ದು, ಡ್ರಾಯಿಂಗ್ ಬದಲಾದದ್ದು, ಪಂಪ್ ಕೆಟ್ಟದ್ದು, ಎಲ್ಲ ಹೊರಬರುತ್ತದೆ. ಅವರು ಹೇಳಿದ ತಾರೀಖನ್ನು ರಿಜಿಸ್ಟರಿನ ಜೊತೆ ತಾಳೆ ಹಾಕಿ. ಎಂಜಿನಿಯರ್ ಪಕ್ಕದಲ್ಲಿ ನಿಂತಿರುವಾಗ ಮಾತ್ರ ಕೇಳಬೇಡಿ.

ಬದಲಾಯಿಸಿ ನೋಡುವ ಬಗೆಗೆ ಗ್ಲೆನ್ ಬ್ಯಾಲಾರ್ಡ್ ಮತ್ತು ಗ್ರೆಗ್ ಹೋವೆಲ್ ರೂಪಿಸಿದ 'ಲಾಸ್ಟ್ ಪ್ಲಾನರ್' ಎಂಬ ಕೆಲಸ ಯೋಜಿಸುವ ಪದ್ಧತಿ ಒಳ್ಳೆಯ ಮಾದರಿ. ಈ ವಾರ ಮುಗಿಸುತ್ತೇವೆಂದು ಒಪ್ಪಿದ 20 ಕೆಲಸಗಳಲ್ಲಿ 11 ಮುಗಿದರೆ, ಮಾತು ಉಳಿಸಿಕೊಂಡದ್ದು ಶೇ 55. ಉಳಿದ ಒಂಬತ್ತಕ್ಕೆ ಕಾರಣ ಬರೆದು, ಮುಂದಿನ ವಾರ ಮತ್ತೆ ಎಣಿಸುವುದು. ಇದಕ್ಕೆ ಒಪ್ಪುವ ಸೈಟ್ ಎಂಜಿನಿಯರ್ ಸಿಕ್ಕರೆ ನಿಮ್ಮ ಅದೃಷ್ಟ.

ಕೊನೆಗೆ, ಕ್ಯಾಲೆಂಡರ್ ನೋಡಿ

ಅನುಮತಿ ಪತ್ರಕ್ಕೆ ಈಗಲೇ ಅಲೆಯಲು ಶುರು ಮಾಡಿ. ಜೂನ್‌ನಿಂದ ಸೆಪ್ಟೆಂಬರಿನೊಳಗೆ ಎಣಿಸಿದರೆ ಮಳೆಯನ್ನೂ ಎಣಿಸಿದ ಹಾಗೆ. ಯಾವ ದಿನ ಮಳೆ ಬಂತು ಎಂದು ಬರೆದಿಡಿ. ಬೆಂಗಳೂರಿನ ಸೈಟಾದರೆ ಹೋಳಿ ಮತ್ತು ಛಟ್ ಹಬ್ಬ ಯಾವಾಗ ಎಂದು ಮೊದಲೇ ಕೇಳಿಕೊಳ್ಳಿ. ಬಿಹಾರದ ಗ್ಯಾಂಗ್ ಊರಿಗೆ ಹೋದ ವಾರ ನೀವು ನೋಟ್‌ಬುಕ್ ಹಿಡಿದು ಹೋದರೆ ಎಣಿಸಲು ಸಿಗುವುದು ವಾಚ್‌ಮನ್ ಒಬ್ಬರೇ.