ಎಪ್ಪತ್ತು ದಾಟಿದವರ ಮನೆಯಲ್ಲಿ ಬಂದೂಕು: ಪುಸ್ತಕ, ಕೀಲಿ, ವಾರಸುದಾರ

ಮೊದಲು ಲೈಸನ್ಸ್ ಪುಸ್ತಕವನ್ನೂ ಬಂದೂಕನ್ನೂ ಹಗಲು ಬೆಳಕಿನಲ್ಲಿ ಒಂದೇ ಮೇಜಿನ ಮೇಲೆ ಇಡಿ. ಬಂದೂಕು ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಡಬ್ಬಲ್ ಬ್ಯಾರಲ್ ಆದರೆ ಮೇಲಿನ ಲಿವರ್ ಸರಿಸಿ ನಳಿಗೆ ಬಾಗಿಸಿ, ಕಾಡತೂಸು ಕೂರುವ ಎರಡೂ ಗೂಡುಗಳಲ್ಲಿ ಕಿರುಬೆರಳು ಹಾಕಿ ನೋಡಿ. ಆಮೇಲೆ ಲೋಹದ ಮೇಲೆ ಕೊರೆದ ನಂಬರನ್ನು ಪುಸ್ತಕದಲ್ಲಿರುವ ನಂಬರಿನ ಜೊತೆ ಒಂದೊಂದು ಅಂಕೆಯಾಗಿ ಹೋಲಿಸಿ. ಹಳೆಯ ಪುಸ್ತಕ ತುಂಬಿ ಹೊಸದಕ್ಕೆ ನಕಲು ಮಾಡುವಾಗ 3 ಹೋಗಿ 8 ಆಗುತ್ತದೆ, 1 ಹೋಗಿ 7 ಆಗುತ್ತದೆ. ಈ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳುವುದು ಮಾಲೀಕರು ತೀರಿಕೊಂಡು ಮಗ ಅರ್ಜಿ ಹಾಕಿದ ದಿನ. ಆಗ ಮನೆಯಲ್ಲಿರುವುದು ಲೈಸನ್ಸ್ ಇರುವ ಬಂದೂಕೇ ಎಂದು ಸಾಬೀತು ಮಾಡಬೇಕಾದವನು ಮಗ. ಅದರ ಚರಿತ್ರೆ ಗೊತ್ತಿದ್ದ ಒಬ್ಬರೇ ಒಬ್ಬರು ಇರುವುದಿಲ್ಲ. ಮಾಲೀಕರು ಇರುವಾಗಲೇ ನಂಬರಿನ ಫೋಟೊ ಸಹಿತ ಅರ್ಜಿ ಕೊಟ್ಟು, ಠಾಣೆಯಲ್ಲಿ ಪರಿಶೀಲನೆ ಮಾಡಿಸಿ ತಿದ್ದಿಸಿಕೊಳ್ಳಿ.

ಪುಸ್ತಕದಲ್ಲಿ ಯುಐಎನ್ ಎಂಬ ವಿಶಿಷ್ಟ ಸಂಖ್ಯೆ ಇದೆಯೇ ನೋಡಿ. ದೇಶದ ಎಲ್ಲ ಶಸ್ತ್ರ ಲೈಸನ್ಸುಗಳೂ ಈಗ ಎನ್‌ಡಿಎಎಲ್ ಎಂಬ ಒಂದೇ ದತ್ತಾಂಶದಲ್ಲಿವೆ. ಆ ಸಂಖ್ಯೆ ಇಲ್ಲದ ಲೈಸನ್ಸನ್ನು ಊರ್ಜಿತವೆಂದು ಪರಿಗಣಿಸುವುದಿಲ್ಲ. ಸೀಲು ಎಷ್ಟೇ ಹಳೆಯದಿದ್ದರೂ, ಸಹಿ ಎಷ್ಟೇ ದೊಡ್ಡವರದಾದರೂ ಅಷ್ಟೇ.

ಇನ್ನು ಯಾವ ಕಚೇರಿ? ಕಲಬುರಗಿ ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿರುವವರಿಗೆ ಲೈಸನ್ಸ್ ಪ್ರಾಧಿಕಾರ ಪೊಲೀಸ್ ಕಮಿಷನರ್. ಜಿಲ್ಲೆಯ ಉಳಿದ ಭಾಗ, ಬೀದರ್ ಮತ್ತು ಯಾದಗಿರಿಯವರಿಗೆ ಜಿಲ್ಲಾ ದಂಡಾಧಿಕಾರಿ, ಅಂದರೆ ಡಿ.ಸಿ. ಸುರಪುರ, ಶಹಾಪುರ ಕಡೆಯ ಹಿರಿಯರ ಪುಸ್ತಕಗಳಲ್ಲಿ ಇನ್ನೂ ‘ಗುಲಬರ್ಗಾ’ ಸೀಲೇ ಇರುತ್ತದೆ, ಏಕೆಂದರೆ ಯಾದಗಿರಿ ಜಿಲ್ಲೆ ಆದದ್ದೇ 2009ರ ಡಿಸೆಂಬರ್ ಕೊನೆಗೆ. ನಿಮ್ಮ ಮೂಲ ಕಡತ ಯಾದಗಿರಿಗೆ ಬಂದಿದೆಯೇ ಎಂದು ಶಸ್ತ್ರ ಶಾಖೆಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಕಡತ ಒಂದು ಊರಲ್ಲಿ, ಅರ್ಜಿ ಇನ್ನೊಂದು ಊರಲ್ಲಿ ಆದರೆ ತಿಂಗಳುಗಳು ಹೋಗುತ್ತವೆ.

ಎಷ್ಟು ಇಟ್ಟುಕೊಳ್ಳಬಹುದು

ಎರಡು. ಶಸ್ತ್ರ ಕಾಯ್ದೆಯ 2019ರ ತಿದ್ದುಪಡಿಗೆ ಮೊದಲು ಮೂರು ಇತ್ತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೆ ಅಥವಾ ಲೈಸನ್ಸ್ ಇರುವ ಡೀಲರಿಗೆ ಒಪ್ಪಿಸಬೇಕಿತ್ತು. ಆ ಗಡುವು 2020ರ ಡಿಸೆಂಬರಿಗೇ ಮುಗಿದಿದೆ. ವಂಶಪಾರಂಪರ್ಯದ ಬಂದೂಕಿಗೂ ವಿನಾಯಿತಿ ಇಲ್ಲ, ಮುತ್ಯಾನದ್ದು ಅನ್ನುವ ಕಾರಣಕ್ಕೆ ಎಣಿಕೆ ಮೂರಾಗುವುದಿಲ್ಲ. ಇನ್ನೂ ಮೂರನೆಯದು ವಾಡೆಯ ಅಟ್ಟದಲ್ಲೇ ಉಳಿದಿದ್ದರೆ ಅದನ್ನು ಜೀಪಿನಲ್ಲಿ ಹಾಕಿಕೊಂಡು ಹೊರಡಬೇಡಿ. ಅದು ಇದ್ದಲ್ಲೇ ಇರಲಿ; ಕ್ರಿಮಿನಲ್ ವಕೀಲರೊಬ್ಬರನ್ನು ಕಂಡು, ಬರಹದಲ್ಲಿ ಠಾಣೆಗೆ ತಿಳಿಸಿ, ಠಾಣೆಯವರ ಕೈಗೇ ಒಪ್ಪಿಸಿ. ಲೈಸನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಈಗಿನ ಶಿಕ್ಷೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ.

ಕೊಡಗಿನವರಿಗೆ ಲೈಸನ್ಸೇ ಬೇಡವಂತೆ, ನಮಗ್ಯಾಕೆ ಅನ್ನುವ ಮಾತು ನಮ್ಮ ಕಡೆ ಆಗಾಗ ಬರುತ್ತದೆ. ಆ ವಿನಾಯಿತಿ ಇರುವುದು ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ, ಅದೂ 2029ರವರೆಗೆ. ನಮ್ಮ ಗೌಡಕಿ, ದೇಸಗತಿ ಮನೆಗಳಿಗೆ ಅದು ಅನ್ವಯಿಸುವುದಿಲ್ಲ.

ಸುರಪುರದಂಥ ಊರಿನ ಹಳೆಯ ಮನೆಗಳಲ್ಲಿ ಬಾಯಿಂದ ಮದ್ದು ತುಂಬುವ ತುಪಾಕಿಗಳು ಇರುತ್ತವೆ. ಶಸ್ತ್ರ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ ಆಯುಧಗಳಿಗೆ ವಿನಾಯಿತಿ ಕೊಡುವುದು ನಿಜ. ಆದರೆ ಅದರ ಷರತ್ತು ಬಿಗಿಯಾದದ್ದು: ರಿಪೇರಿ ಮಾಡಿದರೂ ಹಾರದಂತಿರಬೇಕು. ತುಕ್ಕು ಹಿಡಿದಿದೆ, ಕುದುರೆ ಮುರಿದಿದೆ ಎಂದ ಮಾತ್ರಕ್ಕೆ ಆಗಲಿಲ್ಲ. ಅದನ್ನು ತೀರ್ಮಾನಿಸುವವರು ನೀವಲ್ಲ. ಪ್ರಾಧಿಕಾರದಿಂದ ಬರಹದಲ್ಲಿ ಅಭಿಪ್ರಾಯ ಪಡೆದು ಅದರ ನಕಲನ್ನು ಆಯುಧದ ಜೊತೆಗೇ ಇಡಿ.

ನವೀಕರಣ ಮತ್ತು ದೇಹ

ಲೈಸನ್ಸಿನ ಅವಧಿ ಈಗ 5 ವರ್ಷ. 68ಕ್ಕೆ ಮಾಡಿಸಿದ್ದು 73ಕ್ಕೆ ಮುಗಿಯುತ್ತದೆ, ಆ ಐದು ವರ್ಷದಲ್ಲಿ ದೇಹ ಎಷ್ಟೋ ಬದಲಾಗಿರುತ್ತದೆ. ವಯಸ್ಸಿಗೆ ಕಾಯ್ದೆಯಲ್ಲಿ ಮೇಲ್ಮಿತಿ ಇಲ್ಲ. 21ರ ಕೆಳಮಿತಿ ಮಾತ್ರ. ಪ್ರಶ್ನೆ ಬರುವುದು ಆರೋಗ್ಯದ್ದು. ಕಣ್ಣಿಗೆ ಪೊರೆ ಬಂದಿದ್ದರೆ ಆಪರೇಷನ್ ಮುಗಿಸಿ, ಹೊಸ ಕನ್ನಡಕ ಬಂದ ಮೇಲೆಯೇ ವೈದ್ಯಕೀಯ ಪ್ರಮಾಣಪತ್ರಕ್ಕೆ ಹೋಗಿ. ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ನವೀಕರಣದ ಎ-3 ನಮೂನೆಯಲ್ಲಿ ಅರ್ಜಿ ಹಾಕಿ, ಸ್ವೀಕೃತಿಯನ್ನು ಪುಸ್ತಕದೊಳಗೇ ಇಡಿ. ಪೊಲೀಸ್ ವರದಿಗೆ ಠಾಣೆಯವರು ಕರೆದಾಗ ಹಿರಿಯರೇ ಹೋಗಬೇಕು. ಹಿರಿಯರು ಜೊತೆಗಿಲ್ಲದೆ, ನವೀಕರಣಕ್ಕೋ ರಿಪೇರಿಗೋ ಎಂದು ಅವರು ಬರೆದುಕೊಟ್ಟ ಅನುಮತಿಯೂ ಇಲ್ಲದೆ, ಲೈಸನ್ಸ್ ಇಲ್ಲದ ಮಗ ಬಂದೂಕು ಹೊತ್ತುಕೊಂಡು ಹೋಗುವುದು ಅಪರಾಧ, ಹಾದಿ ಎರಡು ಫರ್ಲಾಂಗಿನದ್ದಾದರೂ ಸರಿ. ನಡೆಯಲಾಗದವರು ಬರಹದಲ್ಲಿ ಕೇಳಿಕೊಂಡು ಮನೆಯಲ್ಲೇ ಪರಿಶೀಲನೆ ಮಾಡಿಸಿಕೊಳ್ಳಲು ಯತ್ನಿಸಬೇಕು.

ವಯಸ್ಸಾದವರು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ. ಹೆಂಡತಿ ತೀರಿದ ಮೇಲೆ ಹಿರಿಯರು ಬೆಂಗಳೂರಿಗೋ ಪುಣೆಗೋ ಮಗಳ ಮನೆಗೆ ಹೋಗಿ ಉಳಿಯುತ್ತಾರೆ, ಬಂದೂಕು ಊರಿನ ಬೀಗ ಹಾಕಿದ ಮನೆಯಲ್ಲಿರುತ್ತದೆ. ಸತತ 30 ದಿನಕ್ಕಿಂತ ಹೆಚ್ಚು ಬೇರೆ ಕಡೆ ವಾಸ ಬದಲಾಯಿಸಿದರೆ, 30 ದಿನದೊಳಗೆ ಹೊಸ ಜಾಗದ ಪ್ರಾಧಿಕಾರಕ್ಕೂ ಹಳೆಯದಕ್ಕೂ ತಿಳಿಸಬೇಕೆಂಬುದು ಲೈಸನ್ಸಿನ ಷರತ್ತು. ಹೋಗುವ ಮುನ್ನ ಬಂದೂಕನ್ನು ಡೀಲರ್ ಬಳಿ ಜಮಾ ಮಾಡಿ ಹೋಗುವುದೇ ಲೇಸು. ಆದರೆ ಜಮಾ ಮಾಡಿದ ಮಾತ್ರಕ್ಕೆ ನವೀಕರಣ ತಪ್ಪುವುದಿಲ್ಲ. ಚುನಾವಣೆಗೆಂದು ಠಾಣೆಗೆ ಕೊಟ್ಟು, ಆಮೇಲೆ ಕಾಯಿಲೆ ಬಿದ್ದು, ಬಿಡಿಸಿಕೊಳ್ಳದೆ, ಲೈಸನ್ಸ್ ಅವಧಿಯೂ ಮುಗಿದು ಠಾಣೆಯ ಉಗ್ರಾಣವಾದ ಮಾಲ್‌ಖಾನೆಯಲ್ಲಿ ತುಕ್ಕು ತಿನ್ನುವ ಒಳ್ಳೆಯ ಬಂದೂಕುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬೀದರಿನವರಿಗೆ ಒಂದು ಮಾತು. ಲೈಸನ್ಸಿನಲ್ಲಿ ಎಲ್ಲಿಯವರೆಗೆ ಊರ್ಜಿತ ಎಂಬ ಕಲಂ ಇರುತ್ತದೆ. ಅಲ್ಲಿ ಕರ್ನಾಟಕ ಎಂದಷ್ಟೇ ಇದ್ದರೆ ಹೈದರಾಬಾದಿಗೆ ರಿಪೇರಿಗೆ ಹೊರಟ ಬಂದೂಕು ಜಹೀರಾಬಾದ್ ಮುಟ್ಟುವ ಮೊದಲೇ ಅಕ್ರಮವಾಗುತ್ತದೆ. ಆಳಂದದಿಂದ ಸೋಲಾಪುರಕ್ಕೆ, ಗುರುಮಠಕಲ್‌ನಿಂದ ತೆಲಂಗಾಣದ ಕಡೆಗೆ ಹೋಗುವವರಿಗೂ ಇದೇ ಮಾತು.

ಕೀಲಿ ಯಾರ ಕೈಯಲ್ಲಿ

ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಅಲಮಾರಿ, ಒಳಗೆ ಬಿಚ್ಚಿಟ್ಟ ಬಂದೂಕು, ಕಾಡತೂಸು ಬೇರೆ ಪೆಟ್ಟಿಗೆಯಲ್ಲಿ ಬೇರೆ ಬೀಗದಲ್ಲಿ. ಇಷ್ಟು ಎಲ್ಲರಿಗೂ ಗೊತ್ತು. ಕೀಲಿಯ ವಿಷಯ ಮಾತ್ರ ಯಾರೂ ಯೋಚಿಸುವುದಿಲ್ಲ. ಕಾನೂನಿನ ಕಣ್ಣಲ್ಲಿ ವಶ ಎಂದರೆ ಕೈಯಲ್ಲಿ ಹಿಡಿದಿರುವುದಷ್ಟೇ ಅಲ್ಲ. ಗೊತ್ತಿದ್ದು, ಹತೋಟಿಯಲ್ಲಿ ಇಟ್ಟುಕೊಂಡಿರುವುದೂ ವಶವೇ. ಅಪ್ಪ ಆಸ್ಪತ್ರೆಯಲ್ಲಿ ತಿಂಗಳು ಮಲಗಿ, ಕೀಲಿ ಲೈಸನ್ಸ್ ಇಲ್ಲದ ಮಗನ ಸೊಂಟದಲ್ಲಿದ್ದರೆ ಆ ಮಗ ಅಪಾಯದಲ್ಲಿದ್ದಾನೆ. ಗೊತ್ತಿರುವ ಆಪರೇಷನ್ ಇದ್ದರೆ ಅಡ್ಮಿಟ್ ಆಗುವ ಮೊದಲೇ ಜಮಾ ಮಾಡಿ. ಏಕಾಏಕಿ ಆದದ್ದಾದರೆ ಮನೆಯವರು ಅಲಮಾರಿ ತೆರೆಯದೆ ಠಾಣೆಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಲಿ.

ಮರೆವಿನ ಕಾಯಿಲೆ ಶುರುವಾದರೆ ನವೀಕರಣದ ತಾರೀಖಿಗೆ ಕಾಯಬೇಡಿ. ಕೀಲಿ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸು; ಮನೆಯ ಆಳನ್ನೇ ಕಳ್ಳನೆಂದು ಕೂಗುವುದು ಬೇರೆ. ಜೊತೆಗಾತಿ ಹೋದ ದುಃಖದಲ್ಲಿ ಮಾತು ನಿಲ್ಲಿಸಿದ ಹಿರಿಯರ ಮನೆಯಲ್ಲೂ ಬಂದೂಕು ಒಂದು ದಿನವೂ ಇರಬಾರದು. ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಅವರ ಕೈಯಿಂದಲೇ ಡೀಲರಿಗೆ ಒಪ್ಪಿಸಿದರೆ ಮರ್ಯಾದೆಯೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಮನಸ್ಸಿನ ಮಾತಿಗೆ ಸರಕಾರದ ಟೆಲಿ ಮಾನಸ್ ಸಂಖ್ಯೆ 14416 ಇದೆ.

ಹಬ್ಬದ ದಿನ ಆಯುಧ ಪೂಜೆ ಅಲಮಾರಿಯ ಮುಂದೆಯೇ ಆಗಲಿ. ಮೊಮ್ಮಗನ ಕೈಗೆ ಕೊಟ್ಟು ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಬೇಡಿ. ಲಗ್ನದಲ್ಲಿ ಹಾರಿಸುವ ಗುಂಡಿಗೆ ಈಗ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಥವಾ ಎರಡೂ.

ಲೋಹ, ಕಟ್ಟಿಗೆ, ಮಳೆಗಾಲ

ತೊಗಲಿನ ಚೀಲದಲ್ಲಿ ಬಂದೂಕು ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಗಲು ತೇವ ಎಳೆದುಕೊಂಡು ನಳಿಗೆಗೆ ಒತ್ತಿ ಹಿಡಿಯುತ್ತದೆ. ಮುಟ್ಟಿದ ಜಾಗಕ್ಕೆಲ್ಲ ತುಕ್ಕು. ಒಣ ಹತ್ತಿ ಬಟ್ಟೆಯಿಂದ ನಳಿಗೆ ಒರೆಸಿ, ತೆಳುವಾಗಿ ಎಣ್ಣೆ ಸವರಿ. ಹೆಚ್ಚಾದರೆ ಎಣ್ಣೆ ಕೆಳಗಿಳಿದು ಹಿಡಿಕೆಯ ಕಟ್ಟಿಗೆ ಕುಡಿಯುತ್ತದೆ, ಕಟ್ಟಿಗೆ ಕಪ್ಪಾಗಿ ಮೆತ್ತಗಾಗುತ್ತದೆ. ಅದಕ್ಕೇ ಎಣ್ಣೆ ಹಾಕಿದ ದಿನ ಬಾಯಿ ಕೆಳಗೆ ಮಾಡಿ ನಿಲ್ಲಿಸಿಡಿ. ಬೆರಳ ಸಂದು ಹಿಡಿದವರಿಗೆ ಲಿವರ್ ಗಟ್ಟಿ ಅನ್ನಿಸಿದರೆ ಬಲ ಹಾಕಿ ತಿರುಗಿಸಬೇಡಿ, ಒಳಗೆ ಗಟ್ಟಿಯಾದ ಹಳೆಯ ಎಣ್ಣೆ ಇರುತ್ತದೆ. ಡೀಲರ್ ಹತ್ತಿರ ತೊಳೆಸಿ.

ಹಳೆಯ ಇಂಗ್ಲಿಷ್ 12 ಬೋರ್ ಇದ್ದರೆ ನಳಿಗೆಯ ತಳದ ಚಪ್ಪಟೆ ಭಾಗದಲ್ಲಿ ಗೂಡಿನ ಉದ್ದ ಕೊರೆದಿದೆಯೇ ನೋಡಿ. ಎರಡೂವರೆ ಇಂಚಿನ ಗೂಡಿಗೆ ಎರಡೂಮುಕ್ಕಾಲು ಇಂಚಿನ ಕಾಡತೂಸು ಕೂರುತ್ತದೆ, ಅಲ್ಲೇ ಮೋಸ ಹೋಗುವುದು. ಹಾರಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲೆ ನೀರಲೆಯಂಥ ಗೆರೆಗಳಿದ್ದರೆ ಅದು ಡಮಾಸ್ಕಸ್, ಕಪ್ಪು ಮದ್ದಿಗೆ ಮಾಡಿದ್ದು. ಈಗಿನ ಕಾಡತೂಸನ್ನು ಅದರಲ್ಲಿ ಹಾಕಲೇಬಾರದು.

ಬದುಕಿರುವಾಗಲೇ ದಾಟಿಸುವುದು

ಬಹಳ ಮನೆಗಳಿಗೆ ತಿಳಿಯದ ವಿಷಯ ಇದು. 2016ರ ಶಸ್ತ್ರ ನಿಯಮಗಳ 25ನೇ ನಿಯಮದ ಪ್ರಕಾರ ಮಾಲೀಕರಿಗೆ 70 ವರ್ಷ ತುಂಬಿದರೆ, ಅಥವಾ ಬಂದೂಕು ಇಟ್ಟುಕೊಂಡು 25 ವರ್ಷವಾದರೆ, ಯಾವುದು ಮೊದಲೋ ಅದರಂತೆ, ತಮ್ಮ ವಾರಸುದಾರರಲ್ಲಿ ಒಬ್ಬರನ್ನು ಸೂಚಿಸಬಹುದು. ಆ ವಾರಸುದಾರರಿಗೆ ಪ್ರಾಧಿಕಾರ ಲೈಸನ್ಸ್ ಕೊಡಬಹುದು. ಸಾವಿನವರೆಗೆ ಕಾಯುವ ಅಗತ್ಯವೇ ಇಲ್ಲ. 45ಕ್ಕೆ ಲೈಸನ್ಸ್ ಮತ್ತು ಬಂದೂಕು ಪಡೆದವರಿಗೆ 70ಕ್ಕೆ ಎರಡೂ ಷರತ್ತು ಒಟ್ಟಿಗೇ ಕೂಡುತ್ತವೆ. 30ಕ್ಕೆ ಪಡೆದವರಿಗೆ 55ಕ್ಕೇ ದಾರಿ ತೆರೆದಿರುತ್ತದೆ.

ಯಾರನ್ನು ಸೂಚಿಸುವುದು? ಹಿರಿಯ ಮಗನೇ ಆಗಬೇಕೆಂದಿಲ್ಲ. 21 ದಾಟಿರಬೇಕು, ಅವರ ಹತ್ತಿರ ಈಗಾಗಲೇ ಎರಡು ಇರಬಾರದು, ಕ್ರಿಮಿನಲ್ ಪ್ರಕರಣದ ತೊಡಕು ಇರಬಾರದು. ಊರಲ್ಲೇ ಇದ್ದು ಹೊಲ ನೋಡಿಕೊಳ್ಳುವ ಮಗಳು ಹೈದರಾಬಾದಿನ ಮಗನಿಗಿಂತ ಒಳ್ಳೆಯ ಆಯ್ಕೆ, ಏಕೆಂದರೆ ಮಗ ಅರ್ಜಿ ಹಾಕಬೇಕಾದದ್ದು ತಾನು ವಾಸಿಸುವ ತೆಲಂಗಾಣದಲ್ಲಿ. ಉಳಿದ ಮಕ್ಕಳ ಒಪ್ಪಿಗೆಯನ್ನು ಸ್ಟ್ಯಾಂಪ್ ಪೇಪರ್ ಮೇಲೆ ಪ್ರಮಾಣಪತ್ರವಾಗಿ ಈಗಲೇ ಮಾಡಿಸಿ. ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿಡಿ. ಹೊಸ ಲೈಸನ್ಸ್ ಕೈಗೆ ಬರುವವರೆಗೆ ಬಂದೂಕು ಹಿರಿಯರ ಹೆಸರಲ್ಲೇ, ಹಿರಿಯರ ಕೀಲಿಯಲ್ಲೇ ಇರಬೇಕು.

ಚಿಂಚೋಳಿ ಕಡೆಯವರು ಹೆಚ್ಚು ಸಮಯ ಇಟ್ಟುಕೊಳ್ಳಬೇಕು. ವನ್ಯಜೀವಿ ಕಾಯ್ದೆಯ 34ನೇ ಕಲಮಿನಂತೆ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನ ಲೈಸನ್ಸುದಾರರು ಅರಣ್ಯ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಅಲ್ಲಿ ಹೊಸ ಲೈಸನ್ಸ್ ಕೊಡಲು ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆಯೂ ಬೇಕು. ವಾರಸುದಾರರ ಹೆಸರಿನದ್ದೂ ಹೊಸ ಲೈಸನ್ಸೇ. ತೊಗರಿ ಹೊಲಕ್ಕೆ ಹಂದಿ ನುಗ್ಗುತ್ತದೆ ಎಂಬುದು ನಿಜವಾದ ಕಷ್ಟ, ಆದರೆ ಬಂದೂಕಿನ ಲೈಸನ್ಸ್ ಬೇಟೆಯ ಅನುಮತಿ ಅಲ್ಲ.

ಮನೆಯಲ್ಲಿ ಸಾವಾದರೆ

ಲೈಸನ್ಸು ಆ ವ್ಯಕ್ತಿಯ ಜೊತೆಗೇ ಮುಗಿಯಿತು. ದಿನಕರ್ಮ ಮುಗಿಯಲಿ ಎಂದು ಕಾಯಬೇಡಿ. ಕಾಯ್ದೆ ಹೇಳುವುದು ಅನಗತ್ಯ ವಿಳಂಬವಿಲ್ಲದೆ ಒಪ್ಪಿಸಬೇಕೆಂದು. ಠಾಣೆಗೆ ಫೋನ್ ಮಾಡಿ, ಬರಹದಲ್ಲೂ ತಿಳಿಸಿ, ಅವರು ಹೇಳಿದಂತೆ ಜಮಾ ಮಾಡಿ. ರಸೀದಿಯಲ್ಲಿ ತಯಾರಕರ ಹೆಸರು, ಬೋರ್, ನಂಬರ್, ಕಾಡತೂಸಿನ ಸಂಖ್ಯೆ, ತಾರೀಖು, ಸೀಲು ಎಲ್ಲವೂ ಇರಬೇಕು. ‘ಒಂದು ಬಂದೂಕು ಜಮಾ’ ಎಂದಷ್ಟೇ ಬರೆದ ಚೀಟಿ ತೆಗೆದುಕೊಳ್ಳಬೇಡಿ. ವಾರಸುದಾರರು ಲೈಸನ್ಸ್ ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೇ ಅರ್ಹರಿಗೆ ಮಾರಿಸಬಹುದು. ನಿಗದಿತ ಅವಧಿಯಲ್ಲಿ ಎರಡೂ ಆಗದಿದ್ದರೆ ಸರಕಾರಕ್ಕೆ ಮುಟ್ಟುಗೋಲಾಗುತ್ತದೆ.

ಮಾಲೀಕರೇ ಮಾರುವುದಾದರೆ, ಕೊಳ್ಳುವವರ ಲೈಸನ್ಸ್ ನೋಡಿ, ಡಿ.ಸಿ.ಗೆ ಅಥವಾ ಹತ್ತಿರದ ಠಾಣೆಗೆ ಬರಹದಲ್ಲಿ ತಿಳಿಸಿ, 45 ದಿನ ಕಳೆದ ಮೇಲೆಯೇ ಕೈ ಬದಲಾಗಬೇಕು. ಮುಂಗಡ ತೆಗೆದುಕೊಂಡು ಬಂದೂಕು ಮೊದಲೇ ಕಳಿಸಿದರೆ ಇಬ್ಬರೂ ಸಿಕ್ಕಿಬೀಳುತ್ತಾರೆ.

ಕಾಡತೂಸು ಮರೆಯಬೇಡಿ. ಹಿರಿಯರ ಟ್ರಂಕಿನ ತಳದಲ್ಲಿ, ದೇವರ ಮನೆಯ ಮಾಡದಲ್ಲಿ, ಹೊಲದ ಮನೆಯ ಡಬ್ಬಿಯಲ್ಲಿ ಒಂದೆರಡು ಇದ್ದೇ ಇರುತ್ತವೆ. ಬಂದೂಕು ಒಪ್ಪಿಸಿಯೂ ನಾಲ್ಕು ಕಾಡತೂಸು ಉಳಿದರೆ ಅದೂ ಅಕ್ರಮ ವಶವೇ. ತೇವಕ್ಕೆ ಉಬ್ಬಿದ ಕಾಗದದ ಕಾಡತೂಸನ್ನು ಹಾರಿಸಿ ಮುಗಿಸುವುದು, ಬಾವಿಗೆ ಎಸೆಯುವುದು, ಕಸದ ಬೆಂಕಿಗೆ ಹಾಕುವುದು ಯಾವುದೂ ಬೇಡ. ಬಿಸಿಲಿಗೆ ಒಣಗಿಸಲೂ ಹೋಗಬೇಡಿ. ಎಣಿಸಿ, ಬರೆದುಕೊಂಡು, ಬಂದೂಕಿನ ರಸೀದಿಯಲ್ಲೇ ಆ ಎಣಿಕೆಯನ್ನೂ ಸೇರಿಸಿ ಒಪ್ಪಿಸಿ.